ಅಕ್ಕನ ಭಾರ

ಜೂನ್ ೪

ಏ ಅರಳೆ,

ತಲುಪಿದ ಕೂಡಲೇ ಎರಡು ಸಾಲು ಗೀಚಿ ಹಾಕು ಎಂದು ಹೇಳಿ ಕಳಿಸಿದ್ದೆ. ಹೇಳಿದ್ದು ಗೋಡೆಗೇನೇ? ದಿನಾ ಅಂಚೆಯವನು ಬರುವ ಹೊತ್ತಿಗೆ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಓಡುತ್ತೇನೆ. ಅವನು ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ಈಗೀಗ ಅವನಿಗೇ ನನ್ನ ಮೇಲೆ ಕನಿಕರ ಹುಟ್ಟಿದ ಹಾಗಿದೆ. ನಿನ್ನೆ ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಪಕ್ಕದ ಅಂಗಡಿಯ ಕರೆಂಟು ಬಿಲ್ಲನ್ನು ನನಗೆ ಕೊಟ್ಟು ಹೋದ.

ಬಸ್ ನಿಲ್ದಾಣದಲ್ಲಿ ನಾನು ನಿಲ್ಲದೆ ಹೊರಟುಬಿಟ್ಟೆ ಎಂದು ಮುಖ ಊದಿಸಿಕೊಂಡಿದ್ದೀಯಾ? ಅಂಗಡಿಯ ಶಟರು ಅರ್ಧ ತೆಗೆದಿಟ್ಟು ಬಂದಿದ್ದೆ ಕಣೇ. ಬಸ್ಸು ಹೊರಡುವವರೆಗೂ ನಿಂತು ಕೈ ಬೀಸುವುದಕ್ಕೆ ನನಗೇನು ಬೇರೆ ಕೆಲಸವಿಲ್ಲವೇ?

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಮೊನ್ನೆ ಗಂಡ ಹೆಂಡತಿ ಬಂದಿದ್ದರು. ಒಂದೇ ಹಾಸಿಗೆ ಬೇಕು, ಆದರೆ ಅವನ ಕಡೆ ಗಟ್ಟಿ, ಅವಳ ಕಡೆ ಮೆತ್ತಗೆ. ಸರಿ, ಮಾಡಿಕೊಡುತ್ತೇನೆ ಎಂದೆ. ಯಾರು ಯಾವ ಕಡೆ ಮಲಗುತ್ತೀರಿ ಎಂದು ಕೇಳಿದ್ದೇ ತಡ, ಅಲ್ಲೇ ಜಗಳ ಶುರು. ಹತ್ತಿ ಪಿಂಜುವುದನ್ನು ಬಿಟ್ಟು ಪಂಚಾಯಿತಿ ಮಾಡಬೇಕಾಯಿತು. ನೀನಿದ್ದಿದ್ದರೆ ಹತ್ತಿಯ ರಾಶಿಯ ಹಿಂದೆ ಕೂತು ನಗುತ್ತಿದ್ದೆ, ನನಗೂ ನಗು ತಡೆಯಲಾಗುತ್ತಿರಲಿಲ್ಲ, ಗಿರಾಕಿಗಳು ಎದ್ದು ಹೋಗುತ್ತಿದ್ದರು. ಹೋಗಲಿ ಬಿಡು, ನೀನಿಲ್ಲದ್ದರಿಂದ ವ್ಯಾಪಾರವಾಯಿತು. ಹಾಸಿಗೆಯೂ ಈಗ ಇಡೀ ನನ್ನದೇ. ಕೈಕಾಲು ಚಾಚಿ ರಾಣಿಯ ಹಾಗೆ ಮಲಗುತ್ತೇನೆ.

ಅಮ್ಮ ಹೋದ ಮೇಲೆ ನೀನು ಊಟ ಬಿಟ್ಟು, ಮಾತು ಬಿಟ್ಟು ಗೋಡೆ ನೋಡುತ್ತಾ ಕೂತದ್ದನ್ನು ನಾನೇನು ಮರೆತಿಲ್ಲ. ತೊಳೆಮನೆಗೆ ಕೆಲಸಕ್ಕೆ ಸೇರಿದರೆ ಯಾವ ನೋವೂ ತಾಗುವುದಿಲ್ಲವಂತೆ ಎಂದು ಯಾರೋ ಹೇಳಿದರು, ನೀನು ಚೀಲ ಕಟ್ಟಿದೆ. ಹದಿನೇಳು ತುಂಬಿದವಳನ್ನು ಹಿಡಿದಿಡಲು ನಾನು ಯಾರು? ನಿನಗಿಂತ ಮೂರೇ ವರ್ಷ ದೊಡ್ಡವಳು. ಆದರೆ ನೀನು ಮಾತು ಕೊಟ್ಟಿದ್ದೀಯ. ಕಲಿಯುವ ಕಾಲ ಫೆಬ್ರವರಿಗೆ ಮುಗಿದ ಮೇಲೆ ಒಳಕೋಣೆಗೆ ಸೇರದೆ ಸೀದಾ ಮನೆಗೆ ಬರಬೇಕು. ಒಳಕೋಣೆ ಸೇರಿದವರು ಒಮ್ಮೆಯಾದರೂ ಮನೆ ಕಡೆ ತಲೆ ಹಾಕಿದ್ದನ್ನು ಯಾರೂ ನೋಡಿಲ್ಲ. ನೆನಪಿರಲಿ.

ಬರಿ. ಇಲ್ಲವಾದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ಅಕ್ಕ


ಜೂನ್ ೧೯

ಅಕ್ಕ,

ತಡವಾಯಿತು, ಬಯ್ಯಬೇಡ. ಇಲ್ಲಿ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲ. ಮನೆಯವರ ದನಿ ಕೇಳಿದರೆ ಕೈ ಕೆಡುತ್ತದೆ ಎನ್ನುತ್ತಾರೆ. ಕಾಗದಕ್ಕೆ ಅಡ್ಡಿಯಿಲ್ಲ.

ಕೆಲಸ ಹೇಗೆ ಎಂದು ಹೇಳುತ್ತೇನೆ. ತಡೆಯಲಾಗದಷ್ಟು ಸಂಕಟವಿರುವವರಿಗೆ ತೊಳೆಮನೆಯಿಂದ ಒಂದು ಬಿಳಿ ದಿಂಬಿನ ಕವರು ಕಳಿಸುತ್ತಾರೆ. ಅವರು ವಾರವಿಡೀ ಅದರ ಮೇಲೆ ತಲೆಯಿಟ್ಟು ಮಲಗುತ್ತಾರೆ. ಮನಸ್ಸಿನ ಭಾರ ಬಟ್ಟೆಗೆ ಇಳಿಯುತ್ತದೆ. ಆಮೇಲೆ ಕಟ್ಟಿ ವಾಪಸ್ ಕಳಿಸುತ್ತಾರೆ. ನಾವು ತಣ್ಣೀರಿನ ತೊಟ್ಟಿಯಲ್ಲಿ ಕೈಯಿಂದಲೇ ತೊಳೆಯುತ್ತೇವೆ. ಭಾರ ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಗಂಟಲಿಗೆ ಬರುತ್ತದೆ, ಸ್ವಲ್ಪ ಹೊತ್ತು ಕೂರುತ್ತದೆ, ನೀರು ಬಿಟ್ಟಾಗ ಅದರ ಜೊತೆ ಇಳಿದು ಹೋಗುತ್ತದೆ. ಕಳಿಸಿದವರು ಅಲ್ಲಿ ಹಗುರಾಗುತ್ತಾರೆ. ಅದು ಯಾರದು, ಯಾಕೆ ಎಂದು ನಮಗೆ ಗೊತ್ತಾಗುವುದಿಲ್ಲ. ಭಾರ ಮಾತ್ರ ಗೊತ್ತಾಗುತ್ತದೆ.

ಕಟ್ಟುನಿಟ್ಟಿನ ನಿಯಮ ಒಂದೇ. ನಮ್ಮ ಮನೆಯವರ ಭಾರವನ್ನು ನಾವು ತೊಳೆಯಬಾರದು. ಅದು ನೀರಿನ ಜೊತೆ ಹೋಗುವುದಿಲ್ಲ, ತೊಳೆದವರಲ್ಲೇ ನಿಂತುಬಿಡುತ್ತದೆ. ಅದಕ್ಕೇ ಪ್ರತಿ ಕಟ್ಟಿನ ಚೀಟಿಯಲ್ಲಿ, ನಿಮ್ಮವರು ಯಾರಾದರೂ ಇಲ್ಲಿ ಕೆಲಸಕ್ಕಿದ್ದಾರೆಯೇ ಎಂದು ಕೇಳಿರುತ್ತಾರೆ.

ಮೊದಮೊದಲು ನಾನು ತೊಟ್ಟಿಯ ಮುಂದೆ ಕೂತು ಗೊಳೋ ಎಂದು ಅಳುತ್ತಿದ್ದೆ. ಉಳಿದ ಹುಡುಗಿಯರು, "ಅತ್ಕೋ, ಇನ್ನು ಸ್ವಲ್ಪ ದಿನ ಅಷ್ಟೆ, ಆಮೇಲೆ ಬೇಕೂಂದ್ರೂ ಬರಲ್ಲ" ಎಂದು ನಗುತ್ತಿದ್ದರು. ಅವರು ಹೇಳಿದ್ದು ನಿಜ. ಈಗ ಅಮ್ಮನ ಕನಸು ಬೀಳುತ್ತಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ನನಗೆ ಬೇಕಾಗಿದ್ದು ಇದೇ.

ಅರಳೆ


ಜುಲೈ ೨೭

ಅರಳೆ,

ನಿನ್ನ ಕಾಗದವೋ ಬಸ್ಸಿನ ವೇಳಾಪಟ್ಟಿಯೋ? ಎಷ್ಟು ಸಲ ಹಿಂದೆ ಮುಂದೆ ತಿರುಗಿಸಿ ನೋಡಿದರೂ "ಅಕ್ಕಾ, ನೀನು ಹೇಗಿದ್ದೀಯ" ಎನ್ನುವ ಒಂದು ಸಾಲು ಸಿಗಲಿಲ್ಲ. ಚೆನ್ನಾಗಿದ್ದೇನೆ, ಕೇಳಿದ್ದಕ್ಕೆ ಬಹಳ ಸಂತೋಷ.

ನಿದ್ದೆ ಬರುತ್ತದೆ ಎಂದು ಓದಿ ಸಮಾಧಾನವೇ ಆಯಿತು. ಆದರೆ ಅಮ್ಮ ಕನಸಲ್ಲೂ ಬರುವುದಿಲ್ಲ ಎನ್ನುವುದನ್ನು ಸಿಹಿಸುದ್ದಿಯ ಹಾಗೆ ಬರೆದಿದ್ದೀಯಲ್ಲ, ಅಲ್ಲಿ ನನ್ನ ಕರುಳು ಚುರ್ ಎಂದಿತು.

ಮೇಲಿನ ಮನೆಯ ನರ್ಸಮ್ಮ ನಿಮ್ಮ ತೊಳೆಮನೆಯ ಕವರೊಂದನ್ನು ತರಿಸಿದ್ದಾರೆ. ಅವರ ವಾರ್ಡಿನಲ್ಲಿ ಒಂದು ಮಗು ಹೋಯಿತಂತೆ, ಅದಕ್ಕೆ. ತೋರಿಸಿದರು. ಥೂ, ಅದೆಂಥ ಹೊಲಿಗೆ! ಮೂಲೆಗಳೆಲ್ಲ ಬಾಯಿ ಬಿಟ್ಟುಕೊಂಡಿವೆ, ದಾರ ನೇತಾಡುತ್ತಿದೆ. ಊರವರ ಸಂಕಟವನ್ನೆಲ್ಲ ತುಂಬಿಕೊಳ್ಳುವ ಬಟ್ಟೆಗೆ ನೆಟ್ಟಗೆ ನಾಲ್ಕು ಹೊಲಿಗೆ ಹಾಕುವ ಯೋಗ್ಯತೆ ಬೇಡವೇ? "ಕೊಡಿ ಇಲ್ಲಿ, ನೋಡಕ್ಕಾಗಲ್ಲ" ಎಂದು ಕಿತ್ತುಕೊಂಡು, ಅಮ್ಮ ಹೇಳಿಕೊಟ್ಟ ಹಾಗೆ ದಾರದ ತುದಿಯನ್ನು ಹೊಲಿಗೆಯ ಅಡಿಗೇ ಮುಳುಗಿಸಿ ಮೂಲೆ ಕಟ್ಟಿಕೊಟ್ಟೆ. ನರ್ಸಮ್ಮ, "ಅಳೋದಕ್ಕೆ ತಂದಿದ್ದು ಕಣೇ, ಮದುವೆಗಲ್ಲ" ಎಂದರು.

ಇದರ ಜೊತೆ ಒಂದು ದಿಂಬು ಕಳಿಸುತ್ತಿದ್ದೇನೆ. ಹೊಸ ಹತ್ತಿ. ಅಲ್ಲಿ ಯಾವ ಕಲ್ಲಿನ ಮೇಲೆ ತಲೆಯಿಡುತ್ತೀಯೋ ಏನೋ. ಅಕ್ಟೋಬರಿನಲ್ಲಿ ಕಲಿಯುವವರಿಗೆ ರಜೆಯಂತೆ, ನರ್ಸಮ್ಮ ವಿಚಾರಿಸಿದರು. ಬರುತ್ತೀಯ ತಾನೆ? ಯಾವ ಬಸ್ಸು ಎಂದು ಬರಿ.

ಅಕ್ಕ


ಸೆಪ್ಟೆಂಬರ್ ೨

ಅಕ್ಕ,

ಕಾಗದ ಬಂತು. ದಿಂಬೂ ಬಂತು. ನನ್ನ ದಿಂಬು ಚೆನ್ನಾಗಿಯೇ ಇದೆ, ಹಾಗಾಗಿ ಅದನ್ನು ಕೋಣೆಯ ಜೊತೆಗಾತಿಗೆ ಕೊಟ್ಟೆ. ಅವಳಿಗೆ ಕತ್ತು ನೋವು. ಒಳ್ಳೆಯ ದಿಂಬು ಎಂದಳು.

ರಜೆಗೆ ಬರುವುದಿಲ್ಲ. ಬರಬೇಕು ಅನ್ನಿಸಲಿಲ್ಲ. ಇಲ್ಲಿ ಎಲ್ಲ ಸರಿಯಾಗಿದೆ.

ಅರಳೆ


ಸೆಪ್ಟೆಂಬರ್ ೧೫

ಕೊಟ್ಟುಬಿಟ್ಟೆಯಾ?

ಬರಬೇಕು ಅನ್ನಿಸಲಿಲ್ಲ. ಎಷ್ಟು ಸಲೀಸಾಗಿ ಬರೆದಿದ್ದೀಯೇ! ಸುಳ್ಳು ಹೇಳಬಾರದಿತ್ತೇ? ಜ್ವರ ಎನ್ನಬಹುದಿತ್ತು, ರಜೆ ಸಿಗಲಿಲ್ಲ ಎನ್ನಬಹುದಿತ್ತು. ಚಿಕ್ಕವಳಿದ್ದಾಗ ದಿನಕ್ಕೆ ಹತ್ತು ಸುಳ್ಳು ಹೇಳುತ್ತಿದ್ದವಳು ನೀನು. ಅಕ್ಕನಿಗಾಗಿ ಒಂದು ಸುಳ್ಳು ಹೇಳಲು ನಿನ್ನ ನಾಲಿಗೆ ಹೊರಳಲಿಲ್ಲವೇ?

ನನಗೆ ಹೊಟ್ಟೆ ಉರಿಯುತ್ತಿದೆ, ನೇರವಾಗಿ ಹೇಳುತ್ತೇನೆ. ಅಮ್ಮ ನಿನಗೆ ಮಾತ್ರ ಹೋದಳೇ? ನೀನು ಗೋಡೆ ನೋಡುತ್ತಾ ಕೂತೆ, ನಾನು ಅಡುಗೆ ಮಾಡಿದೆ. ನೀನು ಅತ್ತೆ, ನಾನು ಅಂಗಡಿ ತೆರೆದೆ. ಈಗ ನೀನು ಹಾಯಾಗಿದ್ದೀಯ, ನಾನು ಅಂಚೆಯವನ ಮುಖ ನೋಡುತ್ತಿದ್ದೇನೆ.

ಇನ್ನು ನಾನಾಗಿ ಬರೆಯುವುದಿಲ್ಲ. ನಿನಗೆ ಬೇಕಾದಾಗ ಬರಿ, ಬೇಡವಾದರೆ ಬಿಡು.

ಅಕ್ಕ

ಮಳೆಯ ಥಂಡಿ ಇನ್ನೂ ಬಿಟ್ಟಿಲ್ಲ. ತಣ್ಣೀರಿನಲ್ಲಿ ಕೈ ಒಡೆದಿದ್ದರೆ ಎಣ್ಣೆ ಹಚ್ಚಿಕೋ.


ಅಕ್ಟೋಬರ್ ೩೦

ಅಕ್ಕ,

ನೀನು ಸಿಟ್ಟಾಗಿದ್ದೀಯ ಎಂದು ಅರ್ಥವಾಯಿತು. ಕಾಗದವನ್ನು ಮತ್ತೆ ಮತ್ತೆ ಓದಿದೆ. ಇಲ್ಲಿ ನನಗೆ ಬೇಸರವಾಗಬೇಕು, ಇಲ್ಲಿ ನಾಚಿಕೆಯಾಗಬೇಕು ಎಂದು ಗೊತ್ತಾಗುತ್ತದೆ. ಆದರೆ ಆಗುವುದಿಲ್ಲ. ತಣ್ಣೀರಿನಿಂದ ಕೈ ತೆಗೆದ ಮೇಲೆ ಬೆರಳು ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗೆ.

ತೊಳೆಮನೆಯ ಯಜಮಾನಿ ನನ್ನನ್ನು ಕರೆದು, "ನಿನ್ನ ಕೈ ಚೆನ್ನಾಗಿದೆ, ನಿಲ್ಲಿಸ್ಕೊಳ್ಳಲ್ಲ, ಹರಿಸಿಬಿಡುತ್ತೆ" ಎಂದರು. ಫೆಬ್ರವರಿಯಲ್ಲಿ ಒಳಕೋಣೆಗೆ ತೆಗೆದುಕೊಳ್ಳುತ್ತಾರಂತೆ. ಅಲ್ಲಿಯವರು ದೊಡ್ಡ ಅಪಘಾತ, ಬೆಂಕಿ ಅನಾಹುತದವರ ಕಟ್ಟುಗಳನ್ನು ತೊಳೆಯುತ್ತಾರೆ. ಅಲ್ಲಿ ಸೇರಿದವರಿಗೆ ಮತ್ತೆ ಯಾವತ್ತೂ ಏನೂ ಅನ್ನಿಸುವುದಿಲ್ಲ. ಬಹುಶಃ ಒಪ್ಪಿಕೊಳ್ಳುತ್ತೇನೆ. ನಿನಗೆ ಕೊಟ್ಟ ಮಾತು ನೆನಪಿದೆ. ಅದನ್ನು ಯಾಕೆ ಕೊಟ್ಟೆ ಎನ್ನುವುದು ನೆನಪಾಗುತ್ತಿಲ್ಲ.

ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ.

ಅರಳೆ


ಡಿಸೆಂಬರ್ ೮

ಅಕ್ಕಾ ಅಕ್ಕಾ,

ನೀನು ಉತ್ತರ ಬರೆಯಲಿಲ್ಲ. ಪರವಾಗಿಲ್ಲ, ನಾನೇ ಬರೆಯುತ್ತೇನೆ. ಮೊದಲು ಇದನ್ನು ಹೇಳು, ನೀನೀಗ ಹಗುರಾಗಿದ್ದೀಯಾ?

ನಿನ್ನ ಕಟ್ಟು ನನ್ನ ತೊಟ್ಟಿಗೇ ಬಂತು! ಕಳೆದ ವಾರ ಬೆಳಿಗ್ಗೆ ಕಟ್ಟು ಬಿಚ್ಚಿದೆ, ಎಲ್ಲರದರ ಹಾಗೇ ಬಿಳಿ ಕವರು. ನೀರಿಗೆ ಹಾಕಲು ಮೂಲೆ ಹಿಡಿದೆ. ದಾರದ ತುದಿ ಇಲ್ಲ! ಹೊಲಿಗೆಯ ಅಡಿಗೇ ಮುಳುಗಿದೆ. ನಾಲ್ಕೂ ಮೂಲೆ ನೋಡಿದೆ, ನಾಲ್ಕೂ ಹಾಗೇ. ಕಳ್ಳಿ, ಚೀಟಿಯಲ್ಲಿ "ನಮ್ಮವರು ಯಾರೂ ಇಲ್ಲ" ಎಂದು ಬರೆದಿದ್ದೀಯ, ಬೇರೆ ಊರಿನ ಅಂಚೆಯಿಂದ ಕಳಿಸಿದ್ದೀಯ. ಆದರೆ ಕೆಟ್ಟ ಹೊಲಿಗೆ ಕಂಡರೆ ನಿನ್ನ ಕೈ ಸುಮ್ಮನಿರುತ್ತದೆಯೇ? ಒಂದು ಕ್ಷಣ ನರ್ಸಮ್ಮನದಿರಬಹುದೇ ಎಂದುಕೊಂಡೆ. ಅವರದ್ದು ಆಗಸ್ಟಿನಲ್ಲೇ ಬಂದು ಹೋಗಿರಬೇಕು. ಇದು ನಿನ್ನದೇ.

ಯಜಮಾನಿಗೆ ಕೊಟ್ಟುಬಿಡಬೇಕಿತ್ತು. ಅಷ್ಟರಲ್ಲಿ ಒಂದು ಯೋಚನೆ ಬಂತು. ಇದು ಅಮ್ಮನದು. ಅಮ್ಮ ಹೋದ ದಿನ ಒಂದು ಹನಿ ಕಣ್ಣೀರು ಹಾಕದೆ ಓಡಾಡಿದೆಯಲ್ಲ, ಅದನ್ನೆಲ್ಲ ಒಳಗೇ ಇಟ್ಟುಕೊಂಡು ಕೊನೆಗೆ ತಡೆಯಲಾಗದೆ ಕಳಿಸಿದ್ದೀಯ. ಅದನ್ನು ಬೇರೆ ಯಾವಳೋ ತೊಳೆದು ಅಮ್ಮನನ್ನು ಮೋರಿಗೆ ಬಿಡುವುದೇ? ನನ್ನಲ್ಲಿ ನಿಂತರೆ ನಿಲ್ಲಲಿ, ಹೇಗೂ ನನಗೆ ಏನೂ ಅನ್ನಿಸುವುದಿಲ್ಲ, ಒಂದು ಮೂಲೆಯಲ್ಲಿ ಬಿದ್ದಿರುತ್ತದೆ ಎಂದುಕೊಂಡು ತೊಳೆದುಬಿಟ್ಟೆ.

ಬಿದ್ದಿರುವ ಜಾತಿಯದಲ್ಲ ಅಕ್ಕ ಇದು. ನೀರು ಬಿಟ್ಟೆ, ಹೋಗಲಿಲ್ಲ. ಎದೆಯ ಮೇಲೆ ಜಮಾಯಿಸಿ ಕೂತಿದೆ. ನಿನ್ನೆ ಊಟದ ಸಾಲಿನಲ್ಲಿ ನಿಂತಿದ್ದಾಗ ತಟ್ಟೆ ನೋಡಿ ನನಗೆ ಅಳು ಬಂತು. ಯಾರನ್ನೋ ನೋಡಬೇಕು, ಈಗಲೇ ನೋಡಬೇಕು ಅನ್ನಿಸುತ್ತದೆ. ಮನೆಯವರ ಭಾರವಾದರೆ ಚಿತ್ರಗಳೂ ಬರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಇನ್ನೂ ಮಸುಕಾಗಿವೆ. ಒಂದು ಬಸ್ ನಿಲ್ದಾಣ, ಹತ್ತುತ್ತಿರುವ ಯಾರದೋ ಬೆನ್ನು. ಅಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ ದಿನವಿರಬೇಕು.

ಇಷ್ಟೊಂದನ್ನು ಹೊತ್ತುಕೊಂಡು ಹಾಸಿಗೆ ಹೊಲಿಯುತ್ತಿದ್ದೆಯಾ? ನಿನಗೆ ಹಗುರಾಗಿದ್ದರೆ ನನಗೆ ಅಷ್ಟು ಸಾಕು. ಬೇಗ ಬರಿ, ಬಯ್ದಾದರೂ ಬರಿ.

ನಿನ್ನ ಅರಳೆ


ಡಿಸೆಂಬರ್ ೨೧

ತಂಗಿಗೆ,

ನಿನ್ನ ಕಾಗದ ತಲುಪಿತು. ತಪ್ಪು ತಿಳಿದುಕೊಂಡಿದ್ದೀಯ, ಅದನ್ನು ಸರಿಪಡಿಸಬೇಕು.

ಅದು ಅಮ್ಮನದಲ್ಲ. ಅಮ್ಮನ ಭಾರವನ್ನು ನಾನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮೊನ್ನೆ ಅವಳ ಹಳೆಯ ಕತ್ತರಿಗೆ ಸಾಣೆ ಹಿಡಿಸುವಾಗ ಅಳು ಬಂತು, ಅತ್ತೆ, ಮುಗಿಯಿತು.

ನಾನು ಕಳಿಸಿದ್ದು ನಿನ್ನದು.

ಅಕ್ಟೋಬರ್ ಕೊನೆಯ ನಿನ್ನ ಕಾಗದ ಬಂದ ಮೇಲೆ ನನ್ನಿಂದ ಕೆಲಸ ಮಾಡಲಾಗಲಿಲ್ಲ. ಸೂಜಿ ಅಂಗೈಗೆ ಹೊಕ್ಕಿತು. ಮಧ್ಯಾಹ್ನಕ್ಕೇ ಶಟರು ಎಳೆದು ಕೂರುತ್ತಿದ್ದೆ. ನರ್ಸಮ್ಮ, "ಎಷ್ಟು ದಿನಾಂತ ಹೀಗೆ ಸಾಯ್ತೀಯ? ಅವಳು ಹಾಯಾಗಿದಾಳೆ. ನೀನೂ ಕೊಟ್ಟು ಕೈ ತೊಳ್ಕೋ" ಎಂದರು. ಕವರು ತರಿಸಿದೆ. ಅದರ ಮೇಲೆ ತಲೆಯಿಟ್ಟಾಗೆಲ್ಲ ನಿನ್ನನ್ನು ಮಾತ್ರ ನೆನೆದೆ. ನಮ್ಮವರು ಅಲ್ಲಿದ್ದಾರೆ ಎಂದು ಚೀಟಿಯಲ್ಲಿ ಬರೆದರೆ ನಿನಗೆ ತಿಳಿಯುತ್ತಿತ್ತು. ತಿಳಿಯುವುದು ಬೇಡವಾಗಿತ್ತು.

ಡಿಸೆಂಬರ್ ಮೊದಲ ವಾರದಿಂದ ನಾನು ಚೆನ್ನಾಗಿದ್ದೇನೆ. ಒಬ್ಬ ಗಿರಾಕಿ ತನ್ನ ನಾಯಿಗೆ ದಿಂಬು ಬೇಕು ಎಂದು ನಾಯಿಯನ್ನೇ ಅಳತೆಗೆ ಕರೆತಂದಿದ್ದ. ಅದು ಹತ್ತಿಯ ರಾಶಿಗೆ ನುಗ್ಗಿ ಬಿಳಿ ಕುರಿಯಾಗಿ ಹೊರಬಂತು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆ. ಎಲ್ಲವೂ ಮೊದಲಿನ ಹಾಗೇ ಇದೆ. ನಿನ್ನ ವಿಷಯದಲ್ಲಿ ಮಾತ್ರ ಏನೂ ಇಲ್ಲ.

ನೀನು ನಿಯಮ ಮುರಿಯಬಾರದಿತ್ತು. ಯಜಮಾನಿಗೆ ಹೇಳಿ ಅದನ್ನು ತೆಗೆಸಿಕೋ. ಆರೋಗ್ಯ ನೋಡಿಕೋ.

ಇಂತಿ,
ನಿನ್ನ ಅಕ್ಕ


ಜನವರಿ ೪

ಅಕ್ಕಾ,

"ತಂಗಿಗೆ" ಎಂದು ಬರೆದಿದ್ದೀಯ. ಅಂಚೆ ಲಕೋಟೆಯ ಮೇಲೆ ಸರ್ಕಾರದವರು ಬರೆದ ಹಾಗೆ. ಅದೊಂದು ಪದ ನೋಡಿ ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಈಗ ಚಿತ್ರಗಳು ನಿಚ್ಚಳವಾಗಿವೆ. ಬಸ್ಸು ಹತ್ತುತ್ತಿದ್ದ ಬೆನ್ನು ನನ್ನದೇ. ನೀನು ಶಟರಿನ ನೆಪ ಹೇಳಿ ಹೊರಟುಹೋಗಿರಲಿಲ್ಲ. ಟಿಕೆಟ್ ಕೊಡುವ ಕಿಂಡಿಯ ಹಿಂದೆ ನಿಂತಿದ್ದೆ, ಬಸ್ಸು ತಿರುವು ದಾಟುವವರೆಗೂ. ಇವಳು ಒಂದು ಸಲ ತಿರುಗಿ ನೋಡಲಿ, ನೋಡಿದರೆ ಓಡಿಹೋಗಿ ಇಳಿಸಿಕೊಂಡು ಬರುತ್ತೇನೆ ಎಂದುಕೊಂಡಿದ್ದೆ. ನಾನು ನೋಡಲಿಲ್ಲ. ಈಗ ನಾನು ಆ ಕಿಂಡಿಯ ಹಿಂದೆ ನಿಂತು, ತಿರುಗೇ, ತಿರುಗೇ ಎಂದು ನನಗೇ ಹೇಳುತ್ತಿರುತ್ತೇನೆ. ದಿನಕ್ಕೆ ಎಷ್ಟು ಸಲವೋ. ನಾನು ನನ್ನನ್ನೇ ನೆನೆದು ಅಳುತ್ತಿದ್ದೇನೆ ಅಕ್ಕ, ಇದೆಂಥ ಗತಿ ನೋಡು!

ಅಮ್ಮ ಹೋದ ದಿನ ನೀನು ಅಳದೆ ಓಡಾಡಿದ್ದನ್ನು ಕಂಡು, ಇವಳಿಗೆ ಕಲ್ಲಿನ ಎದೆ ಎಂದುಕೊಂಡಿದ್ದೆ. ನೀನು ಇಡೀ ದಿನ ನನ್ನನ್ನೇ ನೋಡುತ್ತಿದ್ದೆ. ಯಾರ ಜೊತೆ ಮಾತಾಡುತ್ತಿದ್ದರೂ ಕಣ್ಣು ಮಾತ್ರ ನನ್ನ ಮೇಲೆ, ಎಲ್ಲಿ ಬಿದ್ದುಬಿಡುತ್ತಾಳೋ ಎಂದು. ನನಗೆ ಕಳಿಸಿದ ದಿಂಬಿನ ಹತ್ತಿಯನ್ನು ಯಂತ್ರಕ್ಕೆ ಕೊಡದೆ ಕೂತು ಬೀಜ ಬಿಡಿಸಿದ್ದೆ. ಅದನ್ನು ಕತ್ತು ನೋವಿನವಳಿಗೆ ಕೊಟ್ಟೆನಲ್ಲ! ವಾಪಸ್ ಕೇಳಿದೆ. ಕೊಡಲ್ಲ ಅಂದಳು.

ಸಿಟ್ಟೂ ಇದೆ ಇದರಲ್ಲಿ. ಅಷ್ಟು ಸಿಟ್ಟು ನಿನಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಅತ್ತಾಗೆಲ್ಲ ನಿನಗೆ ಅಳಲು ಜಾಗವೇ ಉಳಿಯುತ್ತಿರಲಿಲ್ಲ. ಒಂದು ದಿನ ತಟ್ಟೆ ಮುಂದಿಟ್ಟು, "ತಿನ್ನು, ಇಲ್ಲಾಂದ್ರೆ ಸಾಯಿ" ಎಂದೆಯಲ್ಲ, ಆ ಗಳಿಗೆ ಇವಳು ಎಲ್ಲಾದರೂ ತೊಲಗಿದರೆ ಸಾಕು ಎಂದು ನೀನು ನಿಜವಾಗಿಯೂ ಅಂದುಕೊಂಡಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ನಿನ್ನ ಕೆನ್ನೆಗೆ ನೀನೇ ಹೊಡೆದುಕೊಂಡೆ. ಅದು ನನ್ನ ಕೆನ್ನೆಗೂ ಬಿತ್ತು.

ಯಜಮಾನಿಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ. "ವಾಪಸ್ ಕಳ್ಸೋಕೆ ಬರಲ್ಲ ಮಗು. ಒಂದ್ಸಲ ಬಿಟ್ಟ ಮೇಲೆ ಬಿಟ್ಟವರಿಗೆ ಸೇರಲ್ಲ. ನಿನ್ನ ಕವರು ಬೇರೆಯವಳು ತೊಳೆದ್ರೆ ಹೋಗುತ್ತೆ. ಹೋದ್ರೆ ಎಲ್ಲೂ ಇರಲ್ಲ" ಎಂದರು. ತೆಗೆಸಿಕೊಂಡರೆ ಒಳಕೋಣೆಗೆ ಸೇರಿಸಿಕೊಳ್ಳುತ್ತಾರೆ. ಇಟ್ಟುಕೊಂಡರೆ ನಾನು ಈ ಕೆಲಸಕ್ಕೆ ಬರುವುದಿಲ್ಲ. ಈಗಲೇ ಯಾರ ಕಟ್ಟು ಮುಟ್ಟಿದರೂ ನನಗೆ ಅಳು ನಿಲ್ಲುತ್ತಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಹೇಳಬೇಕು.

ಏನು ಮಾಡಲಿ? ಯಾವಾಗಲೂ ನೀನೇ ಹೇಳುತ್ತಿದ್ದೆಯಲ್ಲ, ಈಗಲೂ ಹೇಳು.

ಅರಳೆ


ಜನವರಿ ೧೮

ತಂಗಿಗೆ,

ಕೇಳಿದ್ದೀಯ, ಹೇಳುತ್ತೇನೆ. ತೆಗೆಸಿಕೋ. ಅದು ನನಗೆ ವಾಪಸ್ ಬರುವ ವಸ್ತುವಲ್ಲ, ನಿನಗೂ ಉಪಯೋಗವಿಲ್ಲ. ಸುಮ್ಮನೆ ಯಾಕೆ ನರಳುತ್ತೀಯ? ಕೆಲಸ ಒಳ್ಳೆಯದು, ಯಜಮಾನಿ ಒಳ್ಳೆಯವರ ಹಾಗೆ ಕಾಣುತ್ತಾರೆ.

ನೀನು ಬರೆದ ಸಂಗತಿಗಳೆಲ್ಲ ನಡೆದದ್ದು ನಿಜ. ಟಿಕೆಟ್ ಕಿಂಡಿ ನೆನಪಿದೆ. ಬೀಜ ಬಿಡಿಸಿದ್ದೂ ನೆನಪಿದೆ. ಸಿಟ್ಟು ಇದ್ದಿರಬಹುದು. ಯಾರೋ ಬೇರೆಯವರ ಮನೆಯ ಸುದ್ದಿ ಓದಿದ ಹಾಗಾಯಿತು. ನೀನು ನಲ್ಲಿ ಬಿಟ್ಟು ಅತ್ತೆ ಎನ್ನುವಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಕಾದೆ. ಏನಾದರೂ ಆದೀತು ಎಂದು. ಆಗಲಿಲ್ಲ.

ನೀನು ಅಕ್ಟೋಬರಿನಲ್ಲಿ ಇದನ್ನೇ ಬರೆದಾಗ ನಾನು ನಂಬಿರಲಿಲ್ಲ, ಬೇಕೆಂದೇ ಚುಚ್ಚುತ್ತಿದ್ದಾಳೆ ಎಂದುಕೊಂಡಿದ್ದೆ. ಈಗ ಅರ್ಥವಾಯಿತು. ಚುಚ್ಚಲು ಅಲ್ಲ.

ಮನೆಗೆ ಬರುವುದಾದರೆ ಜಾಗವಿದೆ. ನಿನ್ನ ಇಷ್ಟ.

ಇಂತಿ,
ನಿನ್ನ ಅಕ್ಕ


ಫೆಬ್ರವರಿ ೧೧

ಅಕ್ಕ,

ನೀನು ಹೇಳಿದ ಹಾಗೇ ಮಾಡಲು ಹೊರಟಿದ್ದೆ. ಕವರು ತೆಗೆದುಕೊಂಡೆ, ವಾರ ಪೂರ್ತಿ ಮಲಗಿದೆ, ಕಟ್ಟು ಕಟ್ಟಿ ಸಾಲಿನಲ್ಲೂ ನಿಂತೆ. ತೊಳೆಯಬೇಕಾದವಳು ಹೊಸಬಳು, ನನಗಿಂತ ಚಿಕ್ಕವಳು. ಕೈ ಚಾಚಿದಳು. ಕೊಡಲಾಗಲಿಲ್ಲ. ಇವಳು ಇದನ್ನು ಮೋರಿಗೆ ಬಿಟ್ಟರೆ, ನೀನು ನನ್ನನ್ನು ಹೀಗೆ ಹಚ್ಚಿಕೊಂಡಿದ್ದೆ ಎನ್ನುವುದು ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ನಿನ್ನಲ್ಲಿ ಇಲ್ಲ, ನನ್ನಲ್ಲೂ ಇರುವುದಿಲ್ಲ. ನಾವಿಬ್ಬರೂ ಹಾಯಾಗಿ, ಎಲ್ಲ ಸರಿಯಾಗಿದೆ ಎಂದು ಕಾಗದ ಬರೆದುಕೊಂಡಿರುತ್ತೇವೆ, ಆಮೇಲೆ ಅದನ್ನೂ ಬಿಡುತ್ತೇವೆ. ನೆನೆದು ಭಯವಾಯಿತು. ಕಟ್ಟನ್ನು ಎದೆಗವಚಿಕೊಂಡು ಕೋಣೆಗೆ ಓಡಿದೆ. ಹೊಸಬಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ನಾನು ಇಟ್ಟುಕೊಳ್ಳುತ್ತೇನೆ.

ಇದರ ಹಿಂದೆಯೇ ಅಮ್ಮನೂ ಬಂದಿದ್ದಾಳೆ. ಕನಸಿನಲ್ಲಲ್ಲ, ಹಾಡುಹಗಲೇ, ಬಟ್ಟೆ ಒಣಹಾಕುವಾಗ. ಎಷ್ಟು ನೋಯುತ್ತದೆ ಅಕ್ಕ! ಇದಕ್ಕೆ ಹೆದರಿಯೇ ತಾನೆ ನಿನ್ನನ್ನು ಒಬ್ಬಳನ್ನೇ ಬಿಟ್ಟು ಬಂದದ್ದು.

ಮಾರ್ಚ್ ಎರಡರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನಗೆ ಸಂತೋಷವಾಗಬೇಕೆಂದೇನಿಲ್ಲ. ನೀನು ನನ್ನನ್ನು ಹಚ್ಚಿಕೊಳ್ಳಬೇಕೆಂದೂ ಇಲ್ಲ. ನನ್ನ ಹತ್ತಿರ ಇಬ್ಬರದೂ ಇದೆ. ಹತ್ತಿ ಪಿಂಜುತ್ತೇನೆ, ಗಿರಾಕಿಗಳ ಮುಂದೆ ನಗುವುದಿಲ್ಲ. ಬರುವುದು ಬೇಡವಾದರೆ ಬರೆದುಬಿಡು, ಸುಳ್ಳು ಹೇಳಬೇಡ.

ಅರಳೆ


ಫೆಬ್ರವರಿ ೨೧

ತಂಗಿಗೆ,

ಬೇಡ ಎಂದು ಬರೆಯಲು ಕಾರಣ ಹುಡುಕಿದೆ, ಸಿಗಲಿಲ್ಲ. ಬಾ ಎಂದು ಬರೆಯಲು ಒಳಗಿನಿಂದ ಏನೂ ಬರಲಿಲ್ಲ. ಸುಳ್ಳು ಹೇಳಬೇಡ ಎಂದಿದ್ದೀಯ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನೀನು ಬರುವ ದಿನಕ್ಕೆ ಎರಡು ಹಾಸಿಗೆಗಳ ಕೆಲಸ ಒಪ್ಪಿಕೊಂಡಿದ್ದೆ. ಅವನ್ನು ಮುಂದಕ್ಕೆ ಹಾಕಿದೆ. ಹಾಗೆ ಮಾಡಬೇಕು ಅನ್ನಿಸಿದ್ದಕ್ಕಲ್ಲ. ತಂಗಿ ಬರುವ ದಿನ ಅಕ್ಕಂದಿರು ಹಾಗೆ ಮಾಡುತ್ತಾರೆ ಎಂದು ಗೊತ್ತಿದೆ, ಅದಕ್ಕೆ.

ನರ್ಸಮ್ಮನನ್ನು ಕೂರಿಸಿಕೊಂಡು, "ಅವಳು ಹೊರಗಿಂದ ಬಂದ್ರೆ ನಾನು ಏನ್ಮಾಡ್ತಿದ್ದೆ?" ಎಂದು ಕೇಳಿದೆ. ಮೊದಲು ನನ್ನ ಮುಖ ನೋಡಿದರು. ಆಮೇಲೆ, "ಮೊದ್ಲು ಬಯ್ತಿದ್ದೆ. ಬಯ್ತಾ ಬಯ್ತಾನೇ ಕೈಯಿಂದ ಚೀಲ ಕಿತ್ಕೊಳ್ತಿದ್ದೆ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಸೊರಗಿದೀಯ ಅಂತಿದ್ದೆ. ಅವಳು ಮೈ ತುಂಬ್ಕೊಂಡಿದ್ರೂ ಹಾಗೇ ಅಂತಿದ್ದೆ" ಎಂದರು. ಹೇಳುತ್ತಾ ಕಣ್ಣೊರೆಸಿಕೊಂಡರು. ಕವರು ತರಿಸು ಎಂದು ತಾನು ಹೇಳಬಾರದಿತ್ತು ಎಂದರು.

ಅಂದಿನಿಂದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಬದ ಮುಂದೆ ನಿಂತು ಬಯ್ದು ನೋಡುತ್ತಿದ್ದೇನೆ. "ಏನೇ ಇದು ಅವತಾರ? ಕಾಗೆ ಗೂಡು ಹೊತ್ಕೊಂಡ್ ಬಂದಿದೀಯ ತಲೆ ಮೇಲೆ. ಕೊಡು ಇಲ್ಲಿ ಚೀಲ." ಮಾತು ಸರಿಯಾಗಿದೆ, ದನಿ ಸರಿಯಿಲ್ಲ. ಬಾಕಿ ದಾರದುಂಡೆ ಯಾವಾಗ ಕಳಿಸುತ್ತೀರಿ ಎಂದು ಅಂಗಡಿಯವನನ್ನು ಕೇಳಿದ ಹಾಗಿರುತ್ತದೆ. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ನನಗೆ ತಿಳಿಯುತ್ತಿಲ್ಲ. ಅದೀಗ ನಿನ್ನ ಹತ್ತಿರ ಇದೆ.

ಬಸ್ ನಿಲ್ದಾಣಕ್ಕೆ ಬರುತ್ತೇನೆ. ಬಾಗಿಲ ಹತ್ತಿರವೇ ನಿಂತಿರುತ್ತೇನೆ. ನೀನು ಇಳಿದ ಕೂಡಲೇ ಬಯ್ಯುತ್ತೇನೆ. ಸರಿಯಾಗಿ ಬರದಿದ್ದರೆ ಅಲ್ಲೇ ಹೇಳಿಕೊಡು, ಇನ್ನೊಂದು ಸಲ ಬಯ್ಯುತ್ತೇನೆ.

ಅಕ್ಕ